ಪೋರ್ಟಲ್ ತೋರಿಸುವ ಶೇ. 82 ನಿಜವೇ? ದೂರಶಿಕ್ಷಣ ಕೋರ್ಸಿನ ಅಂಕ ನಿಯಮಗಳನ್ನು ಓದುವ ಬಗೆ

ಪ್ರಶ್ನೆ: ಉದ್ಯೋಗದಲ್ಲಿದ್ದುಕೊಂಡೇ ಕಾಲೇಜೊಂದರ ದೂರಶಿಕ್ಷಣ ವಿಭಾಗದಲ್ಲಿ ಸಂಖ್ಯಾಶಾಸ್ತ್ರದ 3 ಕ್ರೆಡಿಟ್‌ಗಳ ಕೋರ್ಸೊಂದನ್ನು ಓದುತ್ತಿದ್ದೇನೆ. 15 ವಾರಗಳ ಅವಧಿಯಲ್ಲಿ 9 ವಾರ ಮುಗಿದಿವೆ. ಒಟ್ಟು 100 ಅಂಕಗಳಲ್ಲಿ ಕ್ವಿಜ್‌ಗಳಿಗೆ 15, ಐದು ಅಸೈನ್‌ಮೆಂಟ್‌ಗಳಿಗೆ 30, ಹನ್ನೆರಡು ಆನ್‌ಲೈನ್ ಚರ್ಚೆಗಳಿಗೆ 10, ಮಧ್ಯಾವಧಿ ಪರೀಕ್ಷೆಗೆ 15, ಅಂತಿಮ ಪರೀಕ್ಷೆಗೆ 30 ಎಂದು ಕೋರ್ಸಿನ ಕೈಪಿಡಿಯಲ್ಲಿದೆ. ಕ್ವಿಜ್‌ಗಳಲ್ಲಿ ನನ್ನ ಸರಾಸರಿ ಶೇ. 88, ಮೊದಲೆರಡು ಅಸೈನ್‌ಮೆಂಟ್‌ಗಳಲ್ಲಿ 82 ಮತ್ತು 78, ಮಧ್ಯಾವಧಿಯಲ್ಲಿ 71. ಮುಗಿದಿರುವ ಎಂಟು ಚರ್ಚೆಗಳಲ್ಲಿ ನಾಲ್ಕರಲ್ಲಿ ಭಾಗವಹಿಸಿ ನಾಲ್ಕರಲ್ಲೂ ಪೂರ್ಣ ಅಂಕ ಪಡೆದಿದ್ದೇನೆ, ಉಳಿದ ನಾಲ್ಕನ್ನು ಬಿಟ್ಟಿದ್ದೇನೆ. ಮೂರನೆಯ ಅಸೈನ್‌ಮೆಂಟ್ ಐದು ದಿನ ತಡವಾಗಿದ್ದು ಇನ್ನೂ ಸಲ್ಲಿಸಿಲ್ಲ. ಪ್ರತಿ ದಿನದ ವಿಳಂಬಕ್ಕೆ ಶೇ. 10 ಕಡಿತ, ಏಳು ದಿನಗಳ ನಂತರ ಸ್ವೀಕಾರವಿಲ್ಲ ಎಂಬ ನಿಯಮವಿದೆ. ಇಷ್ಟಾದರೂ ಪೋರ್ಟಲ್‌ನಲ್ಲಿ ನನ್ನ ಅಂಕ ಶೇ. 82.6 ಎಂದು ಕಾಣಿಸುತ್ತಿದೆ. ಶೇ. 70 ದಾಟಿದರೆ ಬಿ ಗ್ರೇಡ್, 85 ದಾಟಿದರೆ ಎ. ಬಿ ಬಂದರೆ ಮಾತ್ರ ನನ್ನ ಕಚೇರಿಯವರು ಶುಲ್ಕವನ್ನು ಮರಳಿ ಕೊಡುತ್ತಾರೆ. ಅರ್ಧ ಅಂಕಕ್ಕಾಗಿ ಆ ಅಸೈನ್‌ಮೆಂಟ್ ಮಾಡುವುದರಲ್ಲಿ ಅರ್ಥವಿದೆಯೇ? ಚರ್ಚೆಗಳು ಕೇವಲ ತೋರಿಕೆಗಲ್ಲವೇ? ಪಾಸಾಗಲು ಒಟ್ಟು ಶೇ. 50 ಸಾಕು ಎಂದಿದ್ದರೂ ಅಂತಿಮ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಶೇ. 40 ಬೇಕೆಂದು ಇನ್ನೊಂದು ಕಡೆ ಬರೆದಿದೆ, ಯಾವುದು ಅನ್ವಯಿಸುತ್ತದೆ? ವಾರಕ್ಕೆ ನಾಲ್ಕು ಗಂಟೆ ಓದಿಗೆ ಇಟ್ಟಿದ್ದೇನೆ, ಅದು ಸಾಲದೇ?

ಉತ್ತರ: ಮೊದಲು ಆ ಶೇ. 82.6ರ ವಿಷಯವನ್ನೇ ತೆಗೆದುಕೊಳ್ಳೋಣ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಹಿಂದೆ ಅದರ ಮೇಲಿನ ನಂಬಿಕೆಯೇ ಕೆಲಸ ಮಾಡುತ್ತಿದೆ. ಪೋರ್ಟಲ್ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಲೆಕ್ಕಕ್ಕೆ ತೆಗೆದುಕೊಂಡಿರುವುದು ಈಗಾಗಲೇ ಅಂಕ ಬಿದ್ದಿರುವ ಕೆಲಸಗಳನ್ನು ಮಾತ್ರ. ದೂರಶಿಕ್ಷಣದಲ್ಲಿ ಬಹಳವಾಗಿ ಬಳಕೆಯಲ್ಲಿರುವ ಮೂಡಲ್, ಕ್ಯಾನ್ವಾಸ್‌ನಂತಹ ವ್ಯವಸ್ಥೆಗಳು ಖಾಲಿ ಬಿಟ್ಟ ಮನೆಗಳನ್ನು ಸೊನ್ನೆಯೆಂದು ಎಣಿಸದೆ ಲೆಕ್ಕದಿಂದಲೇ ಹೊರಗಿಡಬಲ್ಲವು. ಬೋಧಕರು ಬೇರೆ ರೀತಿ ಹೊಂದಿಸದಿದ್ದರೆ ಸಾಮಾನ್ಯವಾಗಿ ಹಾಗೆಯೇ ನಡೆಯುತ್ತದೆ. ಇನ್ನೂ ಗಡುವು ಬಾರದ ಕೆಲಸಕ್ಕೆ ಸೊನ್ನೆ ಹಾಕಿ ವಿದ್ಯಾರ್ಥಿಯನ್ನು ಮೊದಲ ವಾರದಲ್ಲೇ ಗಾಬರಿಗೊಳಿಸಬಾರದೆಂಬುದು ಇದರ ಉದ್ದೇಶ, ಮತ್ತು ಆ ಮಟ್ಟಿಗೆ ಅದು ಸರಿಯಾದುದೇ. ತೊಂದರೆಯೆಂದರೆ, ಗಡುವು ಕಳೆದೂ ಸಲ್ಲಿಸದೆ ಉಳಿದ ಕೆಲಸವೂ ಅದೇ ಖಾಲಿ ಮನೆಯಲ್ಲಿ ಅಡಗಿ ಕೂರುತ್ತದೆ.

ನಿಮ್ಮ ಅಂಕಗಳನ್ನೇ ಇಟ್ಟು ನೋಡಿ. ಪೋರ್ಟಲ್‌ನ ದೃಷ್ಟಿಯಲ್ಲಿ ನಿಮ್ಮ ಕ್ವಿಜ್ 88, ಅಸೈನ್‌ಮೆಂಟ್ 80, ಚರ್ಚೆ 100, ಮಧ್ಯಾವಧಿ 71. ಇವನ್ನು ಕ್ರಮವಾಗಿ 15, 30, 10, 15ರಿಂದ ಗುಣಿಸಿ, ಕೂಡಿಸಿ, ಬಂದ ಮೊತ್ತವನ್ನು 70ರಿಂದ ಭಾಗಿಸಿದರೆ 82.6 ಸಿಗುತ್ತದೆ. ಇನ್ನು ಬಿಟ್ಟುಹೋದ ನಾಲ್ಕು ಚರ್ಚೆಗಳಿಗೂ ಮೂರನೆಯ ಅಸೈನ್‌ಮೆಂಟಿಗೂ ಸೊನ್ನೆ ಹಾಕಿ. ಚರ್ಚೆ 50ಕ್ಕೂ ಅಸೈನ್‌ಮೆಂಟ್ ಸರಾಸರಿ 53.3ಕ್ಕೂ ಇಳಿದು, ಒಟ್ಟು ಶೇ. 64.1 ಆಗುತ್ತದೆ. ಇಂದಿನ ನಿಮ್ಮ ನಿಜವಾದ ಸ್ಥಿತಿ ಇದು. ಅವಧಿಯ ಕೊನೆಯಲ್ಲಿ ಬೋಧಕರು ಖಾಲಿ ಮನೆಗಳಿಗೆಲ್ಲ ಸೊನ್ನೆ ತುಂಬಿದ ದಿನ, ಒಂದೇ ಸಂಜೆಯಲ್ಲಿ ಹದಿನೆಂಟು ಅಂಕ ಕುಸಿದವೆಂದು ವಿದ್ಯಾರ್ಥಿಗಳು ದೂರು ಬರೆಯುವುದು ದೂರಶಿಕ್ಷಣ ವಿಭಾಗಗಳಿಗೆ ಹೊಸದೇನಲ್ಲ. ಆ ಅಂಕಗಳು ಹೋದದ್ದು ಆ ಸಂಜೆಯಲ್ಲ, ಅದಕ್ಕೂ ಹಲವು ವಾರ ಮೊದಲು. ಆದ್ದರಿಂದ ಪೋರ್ಟಲ್‌ನ ಮೊತ್ತವನ್ನು ನೋಡುವ ಬದಲು, ಪಾಲುಗಳನ್ನು ಬರೆದಿಟ್ಟ ಒಂದು ಹಾಳೆಯಲ್ಲಿ ನೀವೇ ವಾರಕ್ಕೊಮ್ಮೆ ಲೆಕ್ಕ ಹಾಕಿಕೊಳ್ಳಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಮೂರನೆಯ ಅಸೈನ್‌ಮೆಂಟಿನ ವಿಷಯದಲ್ಲಿ ಕಾಯಲು ಸಮಯವಿರಲಿಲ್ಲವಾದ್ದರಿಂದ, ನಿಮ್ಮ ಪತ್ರ ಕೈಸೇರಿದ ದಿನವೇ "ಹೇಗಿದೆಯೋ ಹಾಗೆ ಸಲ್ಲಿಸಿಬಿಡಿ" ಎಂದು ತಿಳಿಸಿದ್ದೆ. ಅದಕ್ಕೆ ಕಾರಣವನ್ನು ಇಲ್ಲಿ ವಿವರಿಸುತ್ತೇನೆ. "ಪ್ರತಿ ದಿನಕ್ಕೆ ಶೇ. 10 ಕಡಿತ" ಎಂಬ ಸಾಲನ್ನು ಮೂರು ಬಗೆಯಾಗಿ ಅರ್ಥಮಾಡಿಕೊಳ್ಳಬಹುದು. ನಿಮ್ಮ ಕೆಲಸ 80 ಅಂಕಕ್ಕೆ ಯೋಗ್ಯವಾಗಿದೆ ಎಂದಿಟ್ಟುಕೊಳ್ಳಿ. ಗರಿಷ್ಠ ಅಂಕವಾದ 100ರ ಮೇಲೆ ದಿನಕ್ಕೆ 10ರಂತೆ ಕಡಿತವಾದರೆ ಐದು ದಿನಕ್ಕೆ 50 ಹೋಗಿ 30 ಉಳಿಯುತ್ತದೆ. ನೀವು ಗಳಿಸಿದ ಅಂಕದ ಮೇಲೆ ಶೇ. 50 ಕಡಿತವಾದರೆ 40 ಉಳಿಯುತ್ತದೆ. ಪ್ರತಿ ದಿನವೂ ಉಳಿದ ಅಂಕದ ಹತ್ತನೇ ಒಂದು ಭಾಗ ಕಡಿತವಾಗುತ್ತ ಹೋದರೆ 47 ಉಳಿಯುತ್ತದೆ. ಒಂದೇ ಸಾಲು, ಮೂರು ಫಲಿತಾಂಶ. ಕೈಪಿಡಿ ಬರೆದವರು ಯಾವುದನ್ನು ಉದ್ದೇಶಿಸಿದ್ದಾರೆಂದು ಸ್ಪಷ್ಟವಾಗಿ ಹೇಳದಿದ್ದರೆ ಅದು ಕೈಪಿಡಿಯ ದೋಷವೇ ಹೊರತು ವಿದ್ಯಾರ್ಥಿಯದಲ್ಲ, ಮತ್ತು ಅದನ್ನು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಮೂರರಲ್ಲಿ ಅತ್ಯಂತ ಕಠಿಣವಾದ ಅರ್ಥ ಹಿಡಿದರೂ ಸಲ್ಲಿಸುವುದೇ ಲಾಭ. ಐದರಲ್ಲಿ ಒಂದು ಅಸೈನ್‌ಮೆಂಟ್ ಎಂದರೆ ಕೋರ್ಸಿನ 6 ಅಂಕ. ಕಠಿಣ ಅರ್ಥದಂತೆ 30 ಬಂದರೂ ನಿಮ್ಮ ಮೊತ್ತಕ್ಕೆ 1.8 ಅಂಕ, ನಡುವಿನ ಅರ್ಥದಂತೆ 40 ಬಂದರೆ 2.4 ಅಂಕ ಸೇರುತ್ತದೆ. ಇದು ಅಲ್ಪವೆನಿಸಬಹುದು. ಆದರೆ ಅಂತಿಮ ಪರೀಕ್ಷೆಯ ಪಾಲು 30 ಮಾತ್ರ ಆಗಿರುವುದರಿಂದ, ಅದೇ 2.4ನ್ನು ಅಲ್ಲಿ ಗಳಿಸಬೇಕಾದರೆ ಪರೀಕ್ಷೆಯ ನೂರರಲ್ಲಿ 8 ಅಂಕ ಹೆಚ್ಚು ತೆಗೆಯಬೇಕು. ಮನೆಯಲ್ಲಿ ಕುಳಿತು ಪುಸ್ತಕ ತೆರೆದಿಟ್ಟುಕೊಂಡು ಗಳಿಸಬಹುದಾದುದನ್ನು ಬಿಟ್ಟು, ಗಡಿಯಾರದ ಮುಂದೆ ಕುಳಿತು ಗಳಿಸುತ್ತೇನೆನ್ನುವುದು ದುಬಾರಿ ವ್ಯವಹಾರ. ಜೊತೆಗೆ, ಸಂಖ್ಯಾಶಾಸ್ತ್ರದಂತಹ ವಿಷಯದಲ್ಲಿ ನಾಲ್ಕನೆಯ ಅಸೈನ್‌ಮೆಂಟ್ ಮೂರನೆಯದರ ಮೇಲೆಯೇ ನಿಂತಿರುತ್ತದೆ.

ಗಡುವಿನ ಬಗ್ಗೆ ಇನ್ನೆರಡು ಮಾತು. ಅನೇಕ ಕೋರ್ಸುಗಳು ರಾತ್ರಿ 11:59ನ್ನೇ ಗಡುವಾಗಿ ಇಡುವುದಕ್ಕೆ ಕಾರಣವಿದೆ: "ಭಾನುವಾರ ರಾತ್ರಿ 12" ಎಂದರೆ ಭಾನುವಾರ ಆರಂಭವಾಗುವ ಹೊತ್ತೋ ಮುಗಿಯುವ ಹೊತ್ತೋ ಎಂಬ ವಾದಕ್ಕೆ ಆಸ್ಪದವಿರಬಾರದು. ಆ 11:59 ಕಾಲೇಜು ಇರುವ ಊರಿನ ಗಡಿಯಾರದ್ದೋ, ನಿಮ್ಮದೋ ಎಂಬುದನ್ನು ದೂರದ ವಿದ್ಯಾರ್ಥಿ ಮೊದಲ ವಾರದಲ್ಲೇ ಖಚಿತಪಡಿಸಿಕೊಳ್ಳಬೇಕು. ಗಡುವಿನ ನಂತರ ಐದು ನಿಮಿಷ ಕಳೆದರೂ ಅದನ್ನು ಇಡೀ ಒಂದು ದಿನದ ವಿಳಂಬವೆಂದು ಎಣಿಸುವ ವ್ಯವಸ್ಥೆಗಳು ಇವೆ. ಫೈಲ್ ಏರಿಸಿದ ಮೇಲೆ ಸ್ವೀಕೃತಿ ಬಂದಿದೆಯೇ, ಏರಿಸಿದ್ದು ಸರಿಯಾದ ಫೈಲೇ, ಅದು ತೆರೆಯುತ್ತದೆಯೇ ಎಂದು ನೋಡುವುದೂ ನಿಮ್ಮ ಹೊಣೆಯೇ. ತೆರೆಯದ ಫೈಲನ್ನು ಸಲ್ಲಿಸದ ಕೆಲಸವೆಂದೇ ಪರಿಗಣಿಸುವುದಾಗಿ ಎಷ್ಟೋ ಕೈಪಿಡಿಗಳು ಬರೆದಿರುತ್ತವೆ.

ಚರ್ಚೆಗಳು ತೋರಿಕೆಗೆ ಎಂಬ ನಿಮ್ಮ ಅಭಿಪ್ರಾಯವನ್ನು ನಾನು ಪೂರ್ತಿ ಒಪ್ಪುವುದೂ ಇಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ. "ನಿಮ್ಮ ಮಾತು ಒಪ್ಪುತ್ತೇನೆ, ಚೆನ್ನಾಗಿ ಬರೆದಿದ್ದೀರಿ" ಎಂಬ ಧಾಟಿಯ ನೂರು ಉತ್ತರಗಳನ್ನು ಓದಿದ ಯಾರಿಗೂ ಅದರ ಶೈಕ್ಷಣಿಕ ಮೌಲ್ಯದ ಬಗ್ಗೆ ಸಂಶಯ ಬರುವುದು ಸಹಜ. ಆದರೂ ಕಾಲೇಜುಗಳು ಚರ್ಚೆಗೆ ಅಂಕವಿಡುವುದಕ್ಕೆ ಗಟ್ಟಿಯಾದ ಕಾರಣವಿದೆ. ಅಂಚೆ ಶಿಕ್ಷಣಕ್ಕೂ ಇಂದಿನ ದೂರಶಿಕ್ಷಣಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಬೋಧಕರ ಮತ್ತು ವಿದ್ಯಾರ್ಥಿಗಳ ನಡುವಿನ ನಿಯಮಿತ ಒಡನಾಟ. ಅಮೆರಿಕದ ಕೇಂದ್ರ ಸರ್ಕಾರದ ನಿಯಮಗಳಂತೂ ಇದನ್ನು ನೇರವಾಗಿಯೇ ಹೇಳುತ್ತವೆ: ಬೋಧಕರೊಂದಿಗೆ ನಿಯಮಿತವೂ ಸಾರವತ್ತೂ ಆದ ಸಂವಾದವಿಲ್ಲದ ಕೋರ್ಸನ್ನು ದೂರಶಿಕ್ಷಣವೆಂದು ಪರಿಗಣಿಸದೆ ಅಂಚೆ ಶಿಕ್ಷಣದ ಸಾಲಿಗೆ ಸೇರಿಸಲಾಗುತ್ತದೆ, ಮತ್ತು ಇದರಿಂದ ವಿದ್ಯಾರ್ಥಿಗಳಿಗೆ ಸಿಗುವ ಸರ್ಕಾರಿ ಧನಸಹಾಯಕ್ಕೇ ಕುತ್ತು ಬರಬಹುದು. ಅದೇ ನಿಯಮಗಳ ಪ್ರಕಾರ ಪೋರ್ಟಲ್‌ಗೆ ಲಾಗಿನ್ ಆದ ಮಾತ್ರಕ್ಕೆ ಹಾಜರಾತಿ ಆಗುವುದಿಲ್ಲ. ಕ್ವಿಜ್ ಬರೆದಿರಬೇಕು, ಅಸೈನ್‌ಮೆಂಟ್ ಸಲ್ಲಿಸಿರಬೇಕು, ಪಾಠಕ್ಕೆ ಸಂಬಂಧಿಸಿದ ಚರ್ಚೆಯಲ್ಲಿ ಭಾಗವಹಿಸಿರಬೇಕು, ಇಲ್ಲವೇ ಓದಿಗೆ ಸಂಬಂಧಿಸಿದ ಇಂಥದೇ ಬೇರೆ ಕೆಲಸ ಮಾಡಿರಬೇಕು. ನಿಮ್ಮ ಕಾಲೇಜು ಯಾವ ದೇಶದ ನಿಯಮಕ್ಕೆ ಒಳಪಟ್ಟಿದ್ದರೂ, ಚರ್ಚೆಯಲ್ಲಿ ಸತತವಾಗಿ ಕಾಣಿಸಿಕೊಳ್ಳದ ವಿದ್ಯಾರ್ಥಿಯನ್ನು ಗೈರುಹಾಜರೆಂದು ದಾಖಲಿಸುವ ಅಥವಾ ಕೋರ್ಸಿನಿಂದಲೇ ಕೈಬಿಡುವ ಷರತ್ತೇನಾದರೂ ಕೈಪಿಡಿಯಲ್ಲಿದೆಯೇ ಎಂದು ತಪ್ಪದೆ ಹುಡುಕಿ ನೋಡಿ. ಅಂಥದ್ದೊಂದು ಷರತ್ತಿದ್ದರೆ 10 ಅಂಕದ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುವುದಿಲ್ಲ.

ಅಂಕದ ದೃಷ್ಟಿಯಿಂದ ನೋಡಿದರೂ ಚರ್ಚೆಯೇ ಅತಿ ಅಗ್ಗದ ಗಳಿಕೆ. ಉಳಿದ ನಾಲ್ಕು ಚರ್ಚೆಗಳಿಂದ ನಿಮಗೆ 3.3 ಅಂಕ ಬರುತ್ತದೆ. ಅಂತಿಮ ಪರೀಕ್ಷೆಯಲ್ಲಿ ಅದು 11 ಅಂಕಗಳಿಗೆ ಸಮ. ಪೂರ್ಣ ಅಂಕ ಪಡೆಯುವ ಬಗೆ ನಿಮಗೆ ಈಗಾಗಲೇ ತಿಳಿದಿದೆ. ನೆನಪಿಡಬೇಕಾದುದು ಒಂದೇ: ಬಹುಪಾಲು ಕೋರ್ಸುಗಳಲ್ಲಿ ಚರ್ಚೆಗೆ ಎರಡು ಗಡುವುಗಳಿರುತ್ತವೆ, ವಾರದ ಮಧ್ಯದಲ್ಲಿ ನಿಮ್ಮ ಸ್ವಂತ ಬರಹಕ್ಕೆ ಒಂದು, ವಾರಾಂತ್ಯದಲ್ಲಿ ಇತರರ ಬರಹಗಳಿಗೆ ನೀಡುವ ಪ್ರತಿಕ್ರಿಯೆಗೆ ಇನ್ನೊಂದು. ಶನಿವಾರ ಮಾತ್ರ ಪುಸ್ತಕ ತೆರೆಯುವವರು ಮೊದಲನೆಯದನ್ನು ಪ್ರತಿ ವಾರವೂ ತಪ್ಪಿಸಿಕೊಳ್ಳುತ್ತಾರೆ. ನಿಮ್ಮ ನಾಲ್ಕು ಚರ್ಚೆಗಳು ಕೈತಪ್ಪಿದ್ದೂ ಇದರಿಂದಲೇ ಇರಬಹುದೆಂಬುದು ನನ್ನ ಊಹೆ. ಗಡುವು ಮುಗಿದ ಅಸೈನ್‌ಮೆಂಟನ್ನು ಕಡಿತದೊಂದಿಗೆ ಸ್ವೀಕರಿಸುವ ಬೋಧಕರೂ ಮುಗಿದ ಚರ್ಚೆಯನ್ನು ಮತ್ತೆ ತೆರೆಯುವುದು ವಿರಳ, ಏಕೆಂದರೆ ಅಲ್ಲಿ ಮಾತಾಡಲು ಯಾರೂ ಉಳಿದಿರುವುದಿಲ್ಲ.

ಈಗ ಅಂತಿಮ ಪರೀಕ್ಷೆ. ಶೇ. 50 ಮತ್ತು ಶೇ. 40 ಎರಡೂ ಏಕಕಾಲಕ್ಕೆ ಅನ್ವಯಿಸುತ್ತವೆ, ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲ. ಹೀಗೆ ಒಂದು ಘಟಕದಲ್ಲಿ ಪ್ರತ್ಯೇಕ ಕನಿಷ್ಠ ಅಂಕವನ್ನು ಕೇಳುವ ಪದ್ಧತಿ ದೂರಶಿಕ್ಷಣದಲ್ಲಿ ವ್ಯಾಪಕವಾಗಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಸೈನ್‌ಮೆಂಟ್‌ಗಳಲ್ಲೂ ಅವಧಿಯ ಕೊನೆಯ ಪರೀಕ್ಷೆಯಲ್ಲೂ ಬೇರೆಬೇರೆಯಾಗಿ ಉತ್ತೀರ್ಣರಾಗಬೇಕು. 1969ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯೂ ಹಲವು ಕೋರ್ಸುಗಳಲ್ಲಿ ಇದೇ ಬಗೆಯ ನಿಯಮವನ್ನು ಇಟ್ಟುಕೊಂಡು ಬಂದಿದೆ. ಇದರ ಹಿಂದಿನ ತರ್ಕ ಸರಳವಾದುದು. ಅಸೈನ್‌ಮೆಂಟನ್ನು ಬರೆದವರು ಯಾರೆಂಬುದನ್ನು ದೂರದಲ್ಲಿರುವ ಬೋಧಕರು ಕಣ್ಣಾರೆ ಕಂಡಿರುವುದಿಲ್ಲ. ವಿದ್ಯಾರ್ಥಿಯ ಗುರುತನ್ನು ಪರಿಶೀಲಿಸಿ, ಮೇಲ್ವಿಚಾರಣೆಯಲ್ಲಿ ನಡೆಸುವ ಪರೀಕ್ಷೆ ಎಷ್ಟೋ ವೇಳೆ ಅದೊಂದೇ ಆಗಿರುತ್ತದೆ. ಹಾಗಾಗಿ ಆ ಒಂದು ಪರೀಕ್ಷೆಯಲ್ಲಿ ತೀರ ಹಿಂದೆ ಬಿದ್ದವರನ್ನು ಉಳಿದ ಅಂಕಗಳ ಬಲದಿಂದ ದಾಟಿಸಲು ಕಾಲೇಜುಗಳು ಒಪ್ಪುವುದಿಲ್ಲ. ಪ್ರಾಮಾಣಿಕ ವಿದ್ಯಾರ್ಥಿಗೆ ಇದು ಒರಟಾಗಿ ಕಾಣಬಹುದು, ಆದರೆ ಪದವಿಯ ಬೆಲೆ ಉಳಿಯಬೇಕಾದರೆ ಇದಕ್ಕಿಂತ ಹಗುರವಾದ ದಾರಿ ನನಗೆ ತೋಚುವುದಿಲ್ಲ.

ನಿಮ್ಮ ವಿಷಯದಲ್ಲಿ ಈ ನಿಯಮ ಎಷ್ಟು ನಿರ್ಣಾಯಕವೆಂಬುದನ್ನು ಅಂಕಿಗಳೇ ಹೇಳುತ್ತವೆ. ಕ್ವಿಜ್ ಸರಾಸರಿ 88ರಲ್ಲೇ ಉಳಿಯಿತು, ತಡವಾದ ಅಸೈನ್‌ಮೆಂಟಿಗೆ 40 ಬಂತು, ಮುಂದಿನ ಎರಡಕ್ಕೆ ತಲಾ 80 ಬಂತು, ಉಳಿದ ಚರ್ಚೆಗಳಲ್ಲೆಲ್ಲ ಭಾಗವಹಿಸಿದಿರಿ ಎಂದುಕೊಳ್ಳಿ. ಆಗ ಕ್ವಿಜ್‌ನಿಂದ 13.2, ಅಸೈನ್‌ಮೆಂಟ್‌ಗಳಿಂದ 21.6, ಚರ್ಚೆಯಿಂದ 6.7, ಮಧ್ಯಾವಧಿಯಿಂದ 10.65, ಒಟ್ಟು ಸುಮಾರು 52.1 ಅಂಕಗಳೊಂದಿಗೆ ನೀವು ಅಂತಿಮ ಪರೀಕ್ಷೆಗೆ ಕೂರುತ್ತೀರಿ. ಪಾಸಾಗಲು ಬೇಕಾದ 50 ಆಗಲೇ ಕೈಯಲ್ಲಿರುತ್ತದೆ. ಆದರೂ ಪರೀಕ್ಷೆಯಲ್ಲಿ 35 ತೆಗೆದರೆ, ಮೊತ್ತ 62ನ್ನು ದಾಟಿದ್ದರೂ ನೀವು ಅನುತ್ತೀರ್ಣರು. ಬಿ ಗ್ರೇಡಿನ 70ಕ್ಕೆ ಪರೀಕ್ಷೆಯಲ್ಲಿ ಸುಮಾರು 60 ಬೇಕು. ಮಧ್ಯಾವಧಿಯಲ್ಲಿ 71 ತೆಗೆದವರಿಗೆ ಇದು ಎಟುಕುವಂಥದ್ದೇ. ಅಸೈನ್‌ಮೆಂಟನ್ನು ಕೈಬಿಟ್ಟಿದ್ದರೆ ಆ 60 ಸುಮಾರು 68 ಆಗುತ್ತಿತ್ತು. ಚರ್ಚೆಗಳನ್ನೂ ಕೈಬಿಟ್ಟರೆ 79. ನಿಮ್ಮ ಕಚೇರಿಯಿಂದ ಶುಲ್ಕ ಮರಳಿ ಬರುವುದೂ ಬಾರದಿರುವುದೂ ಈ 60ಕ್ಕೂ 79ಕ್ಕೂ ನಡುವಿನ ಅಂತರದಲ್ಲಿದೆ. ಎ ಗ್ರೇಡ್ ಮಾತ್ರ ಈ ಲೆಕ್ಕದಲ್ಲಿ ಕೈಮೀರಿದೆ: ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೂ ಮೊತ್ತ 82ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಪರೀಕ್ಷೆ ಆನ್‌ಲೈನ್‌ನಲ್ಲಿ ನಡೆಯುವುದಾದರೆ "24 ಗಂಟೆ ತೆರೆದಿರುತ್ತದೆ, ಅವಧಿ 90 ನಿಮಿಷ" ಎಂಬಂತಹ ಒಕ್ಕಣೆಯನ್ನು ಎಚ್ಚರದಿಂದ ಓದಿ. ಮುಚ್ಚುವ ಸಮಯಕ್ಕೆ ಅರ್ಧ ಗಂಟೆ ಇರುವಾಗ ಆರಂಭಿಸಿದವರಿಗೆ ಹಲವು ವ್ಯವಸ್ಥೆಗಳಲ್ಲಿ ಸಿಗುವುದು ಆ ಅರ್ಧ ಗಂಟೆ ಮಾತ್ರ. ಕ್ಯಾಮೆರಾ ಮೂಲಕ ಮೇಲ್ವಿಚಾರಣೆ ಇದ್ದರೆ ಗುರುತಿನ ಚೀಟಿ, ಕೊಠಡಿ, ಬ್ರೌಸರ್ ಮೊದಲಾದವುಗಳ ಷರತ್ತುಗಳಿರುತ್ತವೆ. ಪೂರ್ವಾಭ್ಯಾಸದ ಪರೀಕ್ಷೆಯ ವ್ಯವಸ್ಥೆಯಿದ್ದರೆ ಅದನ್ನು ಅಂತಿಮ ಪರೀಕ್ಷೆಗೆ ಬಳಸುವ ಕಂಪ್ಯೂಟರಿನಲ್ಲೇ ಮಾಡಿ ನೋಡಿ. ಕಚೇರಿಯ ಕಂಪ್ಯೂಟರ್ ಬೇಡ. ಅದರಲ್ಲಿ ಹೊಸ ತಂತ್ರಾಂಶ ಅಳವಡಿಸಲು ನಿಮಗೆ ಅನುಮತಿ ಇಲ್ಲವೆಂಬುದು ಪರೀಕ್ಷೆಯ ದಿನ ತಿಳಿದರೆ ಯಾರೂ ಏನೂ ಮಾಡಲಾಗದು.

ವಾರಕ್ಕೆ ನಾಲ್ಕು ಗಂಟೆ ಸಾಲದು. ಅಮೆರಿಕದ ವ್ಯಾಖ್ಯೆಯ ಪ್ರಕಾರ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ಬೋಧನೆ ಮತ್ತು ಕನಿಷ್ಠ ಎರಡು ಗಂಟೆಯ ಸ್ವಂತ ಓದು. ಅಂದರೆ ಮೂರು ಕ್ರೆಡಿಟ್‌ಗಳಿಗೆ ವಾರಕ್ಕೆ 9 ಗಂಟೆ. ಯುರೋಪಿನ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಒಟ್ಟು 25ರಿಂದ 30 ಗಂಟೆ, ಭಾರತದ ಮುಕ್ತ ವಿಶ್ವವಿದ್ಯಾಲಯಗಳಲ್ಲಿ 30 ಗಂಟೆ; ಈ ಲೆಕ್ಕಗಳಲ್ಲಿ ನಿಮ್ಮ ಕೋರ್ಸಿಗೆ ವಾರಕ್ಕೆ 5ರಿಂದ 6 ಗಂಟೆ ಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಕ್ರೆಡಿಟ್ ಎಂದರೆ 10 ಗಂಟೆ ಮಾತ್ರ, ಆದರೆ ಅಲ್ಲಿ ಕೋರ್ಸುಗಳೇ 15, 30 ಕ್ರೆಡಿಟ್‌ಗಳಷ್ಟು ದೊಡ್ಡವಿರುತ್ತವೆ. ತರಗತಿಗೆ ಹೋಗುವ ಸಮಯ ಉಳಿಯುವುದರಿಂದ ದೂರಶಿಕ್ಷಣಕ್ಕೆ ಕಡಿಮೆ ಹೊತ್ತು ಸಾಕೆಂಬ ಭಾವನೆ ಬಹಳ ಜನರಲ್ಲಿದೆ. ವಾಸ್ತವದಲ್ಲಿ ತರಗತಿಯ ಗಂಟೆಗಳೂ ನಿಮ್ಮ ಓದಿನ ಮೇಜಿಗೇ ಬಂದು ಸೇರಿರುತ್ತವೆ. ಉಳಿದ ಆರು ವಾರಗಳಿಗಾದರೂ ವಾರದ ಮಧ್ಯದಲ್ಲಿ ಎರಡು ಸಂಜೆಗಳನ್ನು ಹೊಂದಿಸಿಕೊಳ್ಳಿ.

ಕೋರ್ಸನ್ನು ಕೈಬಿಡುವ ಆಯ್ಕೆಯ ಬಗ್ಗೆ ನೀವು ಕೇಳಿಲ್ಲ, ಈಗಿನ ಲೆಕ್ಕದಲ್ಲಿ ಅದರ ಅಗತ್ಯವೂ ಇಲ್ಲ. ಆದರೆ ಅದರ ಕೊನೆಯ ದಿನಾಂಕ ತಿಳಿದಿರಲಿ, ಏಕೆಂದರೆ ಅದು ಸಾಮಾನ್ಯವಾಗಿ ಅವಧಿಯ ಅರ್ಧ ದಾಟಿದ ಮೇಲೆ ಎಲ್ಲೋ ಬರುತ್ತದೆ. ಆ ದಿನಾಂಕದೊಳಗೆ ಹಿಂದೆ ಸರಿದರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂದು ಬಂದರೂ ಗ್ರೇಡ್ ಸರಾಸರಿಗೆ ಸಾಮಾನ್ಯವಾಗಿ ಪೆಟ್ಟಾಗುವುದಿಲ್ಲ. ಸುಮ್ಮನೆ ನಿಲ್ಲಿಸಿಬಿಟ್ಟರೆ ಎಫ್ ಬಂದು ಸರಾಸರಿಯಲ್ಲಿ ಸೊನ್ನೆಯಾಗಿ ಸೇರುತ್ತದೆ. ಅಪೂರ್ಣ ಎಂಬ ತಾತ್ಕಾಲಿಕ ಗ್ರೇಡನ್ನು ಕೊಡುವುದು ಬಹುತೇಕ ಕೆಲಸ ಮುಗಿಸಿದವರಿಗೆ, ಅದೂ ಅನಾರೋಗ್ಯದಂತಹ ಕೈಮೀರಿದ ಕಾರಣವಿದ್ದಾಗ. ಕಚೇರಿಯ ಕೆಲಸದ ಒತ್ತಡ ಆ ಪಟ್ಟಿಯಲ್ಲಿ ಸೇರುವುದು ಕಷ್ಟ.

ಇನ್ನು ನಿಮ್ಮ ಬೋಧಕರಿಗೆ ಒಂದು ಚಿಕ್ಕ ಪತ್ರ ಬರೆಯಿರಿ. ವಿಳಂಬದ ಕಡಿತ ಗರಿಷ್ಠ ಅಂಕದ ಮೇಲೋ ಗಳಿಸಿದ ಅಂಕದ ಮೇಲೋ, ಅತಿ ಕಡಿಮೆ ಅಂಕದ ಕ್ವಿಜ್ ಅಥವಾ ಚರ್ಚೆಯನ್ನು ಲೆಕ್ಕದಿಂದ ಬಿಡುವ ಪದ್ಧತಿ ಇದೆಯೋ, ಒಟ್ಟು 69.5 ಬಂದರೆ ಅದನ್ನು 70 ಎಂದು ಪರಿಗಣಿಸುತ್ತಾರೋ: ಈ ಮೂರನ್ನು ಮಾತ್ರ ಕೇಳಿ. ಅಂಕ ಹೆಚ್ಚಿಸಿ ಎಂಬ ಕೋರಿಕೆಯಾಗಲಿ, ಕಷ್ಟಗಳ ವಿವರವಾಗಲಿ ಅದರಲ್ಲಿರುವುದು ಬೇಡ. ನಿಯಮವನ್ನು ಸ್ಪಷ್ಟಪಡಿಸಿ ಎಂದು ಕೇಳುವ ಪತ್ರಕ್ಕೆ ಬೋಧಕರು ನಿರಾಳವಾಗಿ ಉತ್ತರಿಸಬಲ್ಲರು. ಬಂದ ಉತ್ತರವನ್ನು ಪೋರ್ಟಲ್‌ನ ಸಂದೇಶಪೆಟ್ಟಿಗೆಯಲ್ಲಷ್ಟೇ ಬಿಡದೆ, ಈಗಿರುವ ಕೈಪಿಡಿಯ ಪ್ರತಿಯ ಜೊತೆಗೆ ನಿಮ್ಮ ಬಳಿ ಪ್ರತ್ಯೇಕವಾಗಿ ಉಳಿಸಿಕೊಳ್ಳಿ. ಅವಧಿ ಮುಗಿದ ಬಳಿಕ ಅನೇಕ ಕಾಲೇಜುಗಳು ಕೋರ್ಸಿನ ಪುಟಕ್ಕೆ ವಿದ್ಯಾರ್ಥಿಗಳ ಪ್ರವೇಶವನ್ನು ನಿಲ್ಲಿಸಿಬಿಡುತ್ತವೆ, ಗ್ರೇಡಿನ ಮರುಪರಿಶೀಲನೆಗೆ ಅರ್ಜಿ ಹಾಕಬೇಕಾಗಿ ಬರುವುದು ಬಹುಮಟ್ಟಿಗೆ ಅದಾದ ಮೇಲೆಯೇ.